ಜ್ವರ ಇಲ್ಲದ ಜ್ವರದ ಲೆಟರ್

ಯೌವನಸ್ಥರ ಆರಾಧನೆಯ ಸಂದೇಶ. ವಾಕ್ಯಭಾಗ: ಲೂಕ 2:41-52

ಎಲ್ಲರೂ ಕೂತ್ಕೊಳ್ಳಿ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಜಾಗ ಇದೆ. ಮುಂದಿನ ಸಾಲಿನಲ್ಲಿ ಕೂತರೆ ಪಾಸ್ಟರ್ ಪ್ರಶ್ನೆ ಕೇಳ್ತಾರೆ ಅಂತ ಹೆದರಬೇಡಿ, ಇವತ್ತು ಪ್ರಶ್ನೆಗಳು ನನಗೇ ಇವೆ.

ಇಲ್ಲಿ ಎಂಟು, ಒಂಬತ್ತು, ಹತ್ತನೇ ಕ್ಲಾಸಿನವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ಒಳ್ಳೇದು. ನಿಮ್ಮ ಸ್ಕೂಲ್ ಡೈರಿಯ ಮೊದಲ ಪುಟಗಳಲ್ಲಿ ನಿಯಮಗಳು ಇರ್ತಾವಲ್ಲ, ಅದನ್ನು ಪೂರ್ತಿ ಓದಿದವರು ಎಷ್ಟು ಜನ? ನೋಡಿ, ಕೈಗಳೆಲ್ಲ ಇಳಿದುಹೋದವು. ಈಗ ತಂದೆ ತಾಯಂದಿರು ಹೇಳಿ, ಅದರ ಕೆಳಗೆ ಸಹಿ ಹಾಕಿದ್ದೀರಲ್ಲ, ಓದಿ ಹಾಕಿದ್ದೀರಾ? ಆಮೆನ್ ಅನ್ನೋದಕ್ಕೂ ಯಾರಿಗೂ ಧೈರ್ಯ ಇಲ್ಲ.

ನಾನೂ ಓದಿರಲಿಲ್ಲ. ಜೂನ್ ತಿಂಗಳು, ಬೆಳಿಗ್ಗೆ ಏಳೂವರೆ, ವ್ಯಾನ್ ಹಾರ್ನ್ ಹೊಡೀತಾ ಇದೆ, ಮಗ ಡೈರಿ ಹಿಡ್ಕೊಂಡು ಬಂದ. ಗ್ಯಾಸ್ ಸ್ಟೌ ಪಕ್ಕದಲ್ಲೇ ಇಟ್ಟು ಸಹಿ ಹಾಕಿದೆ. ಸಮಯಕ್ಕೆ ಸರಿಯಾಗಿ ಬರಬೇಕು, ಯೂನಿಫಾರ್ಮ್ ನೀಟಾಗಿರಬೇಕು, ಮೊಬೈಲ್ ತರಬಾರದು, ತಂದರೆ ಪೋಷಕರು ಬಂದೇ ಬಿಡಿಸಿಕೊಂಡು ಹೋಗಬೇಕು, ಯಾರನ್ನೂ ಹೀಯಾಳಿಸಬಾರದು, ಹೊಡೆಯಬಾರದು. ಆಮೇಲೆ ಒಂದು ಸಾಲು: ರಜೆ ತೆಗೆದುಕೊಂಡರೆ ನಿಜವಾದ ಕಾರಣ ಬರೆದ ಪತ್ರ ತರಬೇಕು. ಆ ಸಾಲಿನ ಕೆಳಗೂ ನನ್ನ ಸಹಿ ಇದೆ. ಪಾಸ್ಟರ್ ಸಹಿ!

ಮುಂದೆ ಹೇಳೋ ವಿಷಯವನ್ನು ಮಗನ ಅನುಮತಿ ಕೇಳಿಯೇ ಹೇಳ್ತಿದ್ದೀನಿ. ಅವನು ಇಲ್ಲೇ ಡ್ರಮ್ಸ್ ಹಿಂದೆ ಕೂತಿದ್ದಾನೆ. ದಯವಿಟ್ಟು ಎಲ್ಲರೂ ತಿರುಗಿ ನೋಡಬೇಡಿ.

ಅವನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಸಭೆಯ ಕನ್ವೆನ್ಷನ್ ಗುರುವಾರದಿಂದ ಶನಿವಾರದವರೆಗೆ ಇತ್ತು. ಡ್ರಮ್ಸ್ ನುಡಿಸೋ ಇನ್ನೊಬ್ಬ ಸಹೋದರ ಊರಿಗೆ ಹೋಗಿದ್ದರು. ಹಾಗಾಗಿ ಗುರುವಾರ, ಶುಕ್ರವಾರ ಎರಡು ದಿನ ಮಗನನ್ನು ಸ್ಕೂಲಿಗೆ ಕಳಿಸಲಿಲ್ಲ. ಕನ್ವೆನ್ಷನ್ ಚೆನ್ನಾಗಿ ಆಯ್ತು, ಕರ್ತನು ಬಲವಾಗಿ ಕಾರ್ಯ ಮಾಡಿದನು, ಅದರಲ್ಲಿ ಸಂದೇಹ ಇಲ್ಲ. ಸೋಮವಾರ ಬೆಳಿಗ್ಗೆ ಅವರಮ್ಮ ಹೇಳಿದರು, ರೀ, ಲೀವ್ ಲೆಟರ್ ಬರೀರಿ. ನಾನು ಪೆನ್ನು ತಗೊಂಡೆ. ನನ್ನ ಕೈ ತಾನಾಗಿಯೇ ಬರೆಯಿತು: ನನ್ನ ಮಗನಿಗೆ ವೈರಲ್ ಫೀವರ್ ಇದ್ದುದರಿಂದ...

ಒಂದು ಕ್ಷಣವೂ ಯೋಚನೆ ಮಾಡಲಿಲ್ಲ ಪ್ರಿಯರೇ. ಯೋಚನೆ ಮಾಡಿ ಸುಳ್ಳು ಹೇಳಿದ್ದರೆ ಅದು ಒಂದು ಪಾಪ. ಯೋಚನೆಯೇ ಇಲ್ಲದೆ ಸುಳ್ಳು ಬಂತು ಅಂದ್ರೆ ಅದು ಅಭ್ಯಾಸ. ನಮ್ಮಪ್ಪ ನನಗೆ ಹಾಗೇ ಬರೆದುಕೊಡ್ತಿದ್ದರು. ಸಭೆಯ ಕೆಲಸಕ್ಕೆ ತಾನೇ, ದೇವರ ಮಹಿಮೆಗೆ ತಾನೇ.

ಕ್ಲಾಸ್ ಟೀಚರ್ ಲೆಟರ್ ಓದಿ, ಈಗ ಹೇಗಿದ್ದೀಯಪ್ಪಾ ಅಂತ ಕೇಳಿದ್ದಾರೆ. ಇವನು, ಪರವಾಗಿಲ್ಲ ಮಿಸ್, ಜ್ವರ ಬಿಟ್ಟಿದೆ ಅಂದಿದ್ದಾನೆ. ಹಿಂದಿನ ಬೆಂಚಿನಲ್ಲಿ ಕಿಸಕ್ ಅಂತ ಒಂದು ನಗು. ಯಾಕಂದ್ರೆ ನಮ್ಮ ಲೈವ್ ಇತ್ತಲ್ಲ ಯೂಟ್ಯೂಬಿನಲ್ಲಿ? ಅವನ ಸ್ನೇಹಿತನೊಬ್ಬ ಗುರುವಾರ ರಾತ್ರಿ ನೋಡಿದ್ದ. ಜ್ವರ ಬಂದ ಹುಡುಗ ಎರಡೂವರೆ ಗಂಟೆ ಡ್ರಮ್ಸ್ ಬಾರಿಸ್ತಾ ಇದ್ದಾನೆ. ಆರಾಧನೆಗೆ ಜನ ಬರಲಿ ಅಂತ ನಾವೇ ಲಿಂಕ್ ಎಲ್ಲರಿಗೂ ಕಳಿಸಿದ್ದೆವು. (ನಗು)

ನೀವು ನಗ್ತೀರಿ. ಆ ದಿನ ನಾನು ನಗಲಿಲ್ಲ.

ಡೈರಿಯಲ್ಲಿ ಕೆಂಪು ಪೆನ್ನಿನಲ್ಲಿ ಒಂದು ಸಾಲು ಬಂತು, ಪೋಷಕರು ಬಂದು ಕಾಣಬೇಕು. ಹೋದೆ. ಆ ಟೀಚರ್ ನಮ್ಮ ವಿಶ್ವಾಸದವರಲ್ಲ. ಕೂಗಾಡಲಿಲ್ಲ, ಧರ್ಮದ ಬಗ್ಗೆ ಒಂದು ಮಾತೂ ಆಡಲಿಲ್ಲ. ನನ್ನ ಲೆಟರನ್ನು ಮೇಜಿನ ಮೇಲೆ ಇಟ್ಟು ಹೇಳಿದರು, "ಸರ್, ಚರ್ಚ್ ಪ್ರೋಗ್ರಾಂ ಇದೆ ಅಂತ ಮೊದಲೇ ಬರೆದಿದ್ದರೆ ನಾನೇ ಹೆಡ್‌ಮಿಸ್ ಹತ್ರ ಮಾತಾಡ್ತಿದ್ದೆ. ಇವನ ಅಟೆಂಡೆನ್ಸ್ ಚೆನ್ನಾಗೇ ಇದೆ. ಈಗ ನಾನೇನು ಮಾಡಲಿ ಹೇಳಿ."

ಮಗ ಕ್ಲಾಸ್ ಲೀಡರ್ ಆಗಿದ್ದ. ಬ್ಯಾಡ್ಜ್ ಇತ್ತು. ಸುಳ್ಳು ಹೇಳಿದರೆ ಲೀಡರ್ ಬ್ಯಾಡ್ಜ್ ವಾಪಸ್ ಕೊಡಬೇಕು ಅನ್ನೋದು ಆ ಸ್ಕೂಲಿನ ನಿಯಮ. ನಾನು ತಕ್ಷಣ ಹೇಳಿದೆ, ಮೇಡಂ, ತಪ್ಪು ನನ್ನದು, ಲೆಟರ್ ಬರೆದವನು ನಾನು, ಅವನಿಗೆ ಶಿಕ್ಷೆ ಬೇಡ. ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. "ಲೆಟರ್ ನಿಮ್ಮದು ಸರ್. ನಾನು ಕೇಳಿದಾಗ ಅವನು ಕೊಟ್ಟ ಉತ್ತರ ಅವನದು."

ಬ್ಯಾಡ್ಜ್ ಹೋಯ್ತು. ಬೈಕಿನಲ್ಲಿ ಮನೆಗೆ ಬರುವಾಗ ಅವನು ಹಿಂದೆ ಕೂತು ಏನೂ ಮಾತಾಡಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿದ, "ಅಪ್ಪ, ನಿಜ ಹೇಳೋಣ ಅಂತಾನೇ ಇದ್ದೆ. ಹೇಳಿದ್ರೆ ಪಾಸ್ಟರ್ ಸುಳ್ಳು ಬರೆದರು ಅಂತ ಆಗುತ್ತೆ ಅಲ್ವಾ. ಅದಕ್ಕೇ."

ನನ್ನ ಹೆಸರು ಉಳಿಸೋದಕ್ಕೆ ನನ್ನ ಮಗ ಸುಳ್ಳು ಹೇಳಿದ. ಭಾನುವಾರ ಮಕ್ಕಳ ಮುಂದೆ ನಿಂತು ಸತ್ಯದ ಬಗ್ಗೆ ಬೋಧಿಸುವ ಮನುಷ್ಯ ನಾನು. ನನ್ನ ಸಾಕ್ಷಿಯನ್ನು ಕಾಪಾಡೋದಕ್ಕೆ ಒಬ್ಬ ಹದಿನಾಲ್ಕು ವರ್ಷದ ಹುಡುಗ ಸುಳ್ಳು ಹೇಳಬೇಕಾಯ್ತು ಅಂದ್ರೆ, ಆ ಸಾಕ್ಷಿ ಇದ್ದರೆಷ್ಟು ಬಿಟ್ಟರೆಷ್ಟು?

ಆ ರಾತ್ರಿ ನಾನು ಲೂಕ ಎರಡನೇ ಅಧ್ಯಾಯ ತೆರೆದೆ. ಬನ್ನಿ, ನಾವೂ ತೆರೆಯೋಣ. ಫೋನಿನಲ್ಲಿ ಓದುವವರು ನೋಟಿಫಿಕೇಷನ್ ಆಫ್ ಮಾಡಿ.

ಯೇಸುವಿಗೆ ಹನ್ನೆರಡು ವರ್ಷ. ಇವತ್ತಿನ ಲೆಕ್ಕದಲ್ಲಿ ಏಳನೇ ಕ್ಲಾಸು ಅಂತಿಟ್ಟುಕೊಳ್ಳಿ. ಪಸ್ಕ ಹಬ್ಬಕ್ಕೆ ಯೆರೂಸಲೇಮಿಗೆ ಕುಟುಂಬ ಸಮೇತ ಹೋಗಿದ್ದಾರೆ. ವಾಪಸ್ ಬರುವಾಗ ಒಂದು ದಿನದ ಪ್ರಯಾಣ ಆದ ಮೇಲೆ ಮರಿಯಳಿಗೂ ಯೋಸೇಫನಿಗೂ ಗೊತ್ತಾಗುತ್ತೆ, ಮಗ ಗುಂಪಿನಲ್ಲಿ ಇಲ್ಲ. ತಿರುಗಿ ಹೋಗ್ತಾರೆ. ಮೂರು ದಿನದ ಮೇಲೆ ದೇವಾಲಯದಲ್ಲಿ ಸಿಗ್ತಾನೆ. ಬೋಧಕರ ನಡುವೆ ಕೂತಿದ್ದಾನೆ. ಏನು ಮಾಡ್ತಾ? ನಾವು ಸಾಮಾನ್ಯವಾಗಿ ಬಾಲಯೇಸು ಅಲ್ಲಿ ಎಲ್ಲರಿಗೂ ಪ್ರಸಂಗ ಮಾಡ್ತಿದ್ದನು ಅಂದ್ಕೊಳ್ತೀವಿ. 46ನೇ ವಚನ ನಿಧಾನವಾಗಿ ನೋಡಿ. ಮೊದಲು ಆಲಿಸುತ್ತಿದ್ದನು. ಆಮೇಲೆ ಪ್ರಶ್ನೆ ಕೇಳುತ್ತಿದ್ದನು. ಆತನ ಉತ್ತರಗಳಿಗೆ ಜನ ಬೆರಗಾದರು ಅನ್ನೋದು ಅದರ ಮುಂದಿನ ವಚನ. ಎಲ್ಲವನ್ನೂ ಬಲ್ಲವನು ವಿದ್ಯಾರ್ಥಿಯ ಹಾಗೆ ಕೂತಿದ್ದನು. ಟೀಚರ್ ಪಾಠ ಮಾಡುವಾಗ ಹಿಂದೆ ಕೂತು ಅವರ ಮುಖದ ಸ್ಟಿಕರ್ ಮಾಡಿ ಗ್ರೂಪಿಗೆ ಹಾಕುವ ಕೆಲವರು ಇಲ್ಲೇ ಇದ್ದೀರಿ, ನನಗೆ ಗೊತ್ತು. ಆ ಗ್ರೂಪಿನಲ್ಲಿ ನಮ್ಮ ಸಭೆಯ ಮಕ್ಕಳೂ ಇದ್ದಾರೆ.

ಈಗ ನಿಮ್ಮಲ್ಲೊಬ್ಬರು ಹೋದ ವಾರ ಕೇಳಿದ ಪ್ರಶ್ನೆಗೆ ಬರ್ತೀನಿ. ಒಳ್ಳೇ ಪ್ರಶ್ನೆ. ಅಪ್ಪ ಅಮ್ಮನಿಗೆ ಹೇಳದೆ ಮೂರು ದಿನ ಉಳಿದುಕೊಂಡದ್ದು ಶಿಸ್ತು ಮೀರಿದ ಹಾಗಲ್ವಾ ಪಾಸ್ಟರ್?

ಇದನ್ನು ತಳ್ಳಿಹಾಕಬೇಡಿ. ತಾಯಿಗೆ ನೋವಾಗಿದೆ, ಆಕೆ ಅದನ್ನು ಬಾಯಿಬಿಟ್ಟು ಹೇಳ್ತಾಳೆ. ಆದರೆ ಎರಡು ವಿಷಯ ಗಮನಿಸಿ. ಮೊದಲನೆಯದು, ತಾಯಿ ಕೇಳಿದಾಗ ಆತನು ಕೊಟ್ಟ ಕಾರಣ. ದಾರಿ ತಪ್ಪಿದೆ ಅನ್ನಲಿಲ್ಲ. ಗುಂಪು ಹೊರಟದ್ದು ಗೊತ್ತಾಗಲಿಲ್ಲ ಅನ್ನಲಿಲ್ಲ. ನನ್ನ ತಂದೆಯ ಮನೆಯಲ್ಲಿ ಇರಬೇಕಾಗಿತ್ತು ಅನ್ನುವ ನಿಜವಾದ ಕಾರಣವನ್ನೇ ಹೇಳಿದನು. ಅವರಿಗೆ ಅದು ಅರ್ಥವಾಗಲಿಲ್ಲ ಅಂತ 50ನೇ ವಚನ ಹೇಳುತ್ತೆ. ಕೇಳುವವರಿಗೆ ಅರ್ಥವಾಗಲ್ಲ ಅಂತ ಆತನು ಕಾರಣವನ್ನು ಬದಲಾಯಿಸಲಿಲ್ಲ. ನಾನು ಬದಲಾಯಿಸಿದೆ. ಟೀಚರಿಗೆ ಕನ್ವೆನ್ಷನ್ ಅಂದ್ರೆ ಅರ್ಥವಾಗಲ್ಲ, ಜ್ವರ ಅಂದ್ರೆ ಅರ್ಥವಾಗುತ್ತೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಯೇಸುವಿನ ಹೆಸರು ಬರೆಯಬೇಕಾದ ಜಾಗದಲ್ಲಿ ವೈರಸ್ ಹೆಸರು ಬರೆದೆ. ಹಲ್ಲೆಲೂಯಾ ಅನ್ನೋ ಜಾಗ ಅಲ್ಲ ಇದು, ಸುಮ್ಮನಿರಿ.

ಎರಡನೆಯದು 51ನೇ ವಚನ. ಆ ರಾತ್ರಿ ನಾನು ಅಲ್ಲೇ ನಿಂತುಬಿಟ್ಟೆ. ಆತನು ಅವರ ಜೊತೆ ಇಳಿದು ನಜರೇತಿಗೆ ಹೋಗಿ ಅವರಿಗೆ ಅಧೀನನಾಗಿದ್ದನು. ಯೋಚನೆ ಮಾಡಿ. ತಂದೆಯ ಮನೆಯಲ್ಲಿದ್ದಾನೆ. ಇದಕ್ಕಿಂತ ದೊಡ್ಡ ಆತ್ಮಿಕ ಕಾರಣ ಯಾವುದಿದೆ? ನಾನು ದೇವರ ಕೆಲಸದಲ್ಲಿದ್ದೀನಿ, ನಿಮ್ಮ ನಿಯಮ ನನಗೆ ಬೇಡ ಅನ್ನುವ ಹಕ್ಕು ಲೋಕದಲ್ಲಿ ಯಾರಿಗಾದರೂ ಇದ್ದರೆ ಅದು ಆತನಿಗೆ ಇತ್ತು. ಆದರೆ ಎದ್ದು ಹೊರಟನು. ನಜರೇತು ಏನು, ಒಂದು ಸಣ್ಣ ಊರು. ಅಲ್ಲಿ ಬಡಗಿಯ ಕೆಲಸ. ಲೂಕ ಮೂರನೇ ಅಧ್ಯಾಯದಲ್ಲಿ ಸೇವೆ ಶುರು ಮಾಡುವಾಗ ಆತನಿಗೆ ಸುಮಾರು ಮೂವತ್ತು ವರ್ಷ. ಅಂದ್ರೆ ಹದಿನೆಂಟು ವರ್ಷಗಳ ಹತ್ತಿರ. ಅದರ ಬಗ್ಗೆ ಲೂಕನು ಬರೆದದ್ದು ಎರಡೇ ವಚನ, ಅಧೀನನಾಗಿದ್ದನು ಮತ್ತು ಬೆಳೆದನು. ಬೆಳೆದದ್ದು ಜ್ಞಾನದಲ್ಲಿ, ದೇಹದಲ್ಲಿ, ದೇವರ ದಯೆಯಲ್ಲಿ, ಆಮೇಲೆ ಮನುಷ್ಯರ ದಯೆಯಲ್ಲಿ. ಈ ಕೊನೆಯದನ್ನು ನಾವು ಪೆಂತೆಕೋಸ್ತಿನವರು ಸ್ವಲ್ಪ ಬೇಗ ದಾಟಿಬಿಡ್ತೀವಿ. ಕ್ಲಾಸ್ ಟೀಚರ್, ಗೇಟಿನ ವಾಚ್‌ಮನ್, ವ್ಯಾನ್ ಡ್ರೈವರ್, ಇವರೂ ಆ ಮನುಷ್ಯರೇ.

ಕೆಲವರು ಅಂದ್ಕೊಳ್ತೀರಿ, ದಾನಿಯೇಲ ರಾಜನ ನಿಯಮಕ್ಕೆ ಒಪ್ಪಲಿಲ್ಲವಲ್ಲ? ಹೌದು, ಒಪ್ಪಲಿಲ್ಲ. ಹೇಗೆ ಒಪ್ಪಲಿಲ್ಲ ಅಂತ ಓದಿ. ದಾನಿಯೇಲ ಒಂದನೇ ಅಧ್ಯಾಯ. ಬಾಬೆಲಿನಲ್ಲಿ ಮೂರು ವರ್ಷದ ಕೋರ್ಸು. ಭಾಷೆ ಅವರದು, ಪುಸ್ತಕ ಅವರದು, ಅವನಿಗೆ ಇಟ್ಟ ಹೆಸರೂ ಅವರದು. ಅದಕ್ಕೆಲ್ಲ ಅವನು ತಗಾದೆ ತೆಗೆದದ್ದು ನಮಗೆ ಕಾಣಲ್ಲ, ಚೆನ್ನಾಗಿಯೇ ಓದಿದ. ಆದರೆ ರಾಜನ ಊಟ ತನ್ನನ್ನು ಅಶುದ್ಧ ಮಾಡುತ್ತೆ ಅನ್ನೋ ಒಂದು ಜಾಗಕ್ಕೆ ಬಂದಾಗ ಏನು ಮಾಡಿದ? ಹೊಟ್ಟೆನೋವು ಅಂತ ಲೀವ್ ಲೆಟರ್ ಬರೆದನಾ? ತಟ್ಟೆಯನ್ನು ಗುಟ್ಟಾಗಿ ಕಿಟಕಿಯಿಂದ ಚೆಲ್ಲಿದನಾ? ಮೇಲಧಿಕಾರಿಯ ಹತ್ರ ಹೋಗಿ ಅನುಮತಿ ಕೇಳಿದ. ಅವನು ನನ್ನ ತಲೆ ಹೋಗುತ್ತಪ್ಪಾ ಅಂದಾಗ, ಆ ಮನುಷ್ಯನ ಕಷ್ಟವನ್ನೂ ಅರ್ಥಮಾಡಿಕೊಂಡು ವಿಚಾರಕನ ಹತ್ರ ಹತ್ತು ದಿನದ ಪರೀಕ್ಷೆ ಕೇಳಿದ. ಎಷ್ಟು ಮರ್ಯಾದೆ ನೋಡಿ! ನಿಮ್ಮ ಸ್ಕೂಲಿನಲ್ಲಿ ನಿಮ್ಮ ಮನಸ್ಸಾಕ್ಷಿಗೆ ಒಪ್ಪದ ಕಾರ್ಯಕ್ರಮ ಇದ್ದರೆ, ತಂದೆ ತಾಯಿಯ ಜೊತೆ ಹೋಗಿ ಮರ್ಯಾದೆಯಿಂದ, ಮುಂಚಿತವಾಗಿ ಕೇಳಿ. ಆ ದಿನ ಮಾತ್ರ ತಲೆನೋವು ಬರಿಸಿಕೊಳ್ಳಬೇಡಿ. ಸುಳ್ಳು ಹೇಳಿ ವಿಗ್ರಹದಿಂದ ತಪ್ಪಿಸಿಕೊಂಡೆ ಅಂತ ಯಾರೂ ಇಲ್ಲಿ ಸಾಕ್ಷಿ ಹೇಳೋದು ಬೇಡ.

ಈಗ ಶಿಕ್ಷೆ ಅನ್ನೋ ಪದದ ಬಗ್ಗೆ ಸ್ವಲ್ಪ ಹೇಳಬೇಕು, ಯಾಕಂದ್ರೆ ನಮ್ಮ ಕನ್ನಡ ಸತ್ಯವೇದದಲ್ಲಿ ಅದು ನಮಗೆ ಭಯ ಹುಟ್ಟಿಸುತ್ತೆ. ಇಬ್ರಿಯರಿಗೆ ಹನ್ನೆರಡನೇ ಅಧ್ಯಾಯದಲ್ಲಿ ಕರ್ತನು ತಾನು ಪ್ರೀತಿಸುವವರನ್ನು ಶಿಕ್ಷಿಸುತ್ತಾನೆ ಅನ್ನುವ ಅರ್ಥದ ಮಾತಿದೆ. ಕೇಳಿದ ತಕ್ಷಣ ನಮಗೆ ಜೈಲು, ಬೆತ್ತ, ಬೆಂಚಿನ ಮೇಲೆ ನಿಲ್ಲಿಸೋದು ಕಣ್ಣಿಗೆ ಬರುತ್ತೆ. ಅಲ್ಲಿರುವ ಗ್ರೀಕ್ ಪದ ಪೈದೇಯಾ. ಅದರ ಒಳಗೆ ಮಗು ಅನ್ನೋ ಪದ ಇದೆ. ಮಗುವನ್ನು ತಿದ್ದಿ, ಕಲಿಸಿ, ಬೆಳೆಸೋದು ಅಂತ ಅರ್ಥ. ಎಫೆಸದವರಿಗೆ ಬರೆದ ಪತ್ರದ ಆರನೇ ಅಧ್ಯಾಯದಲ್ಲಿ ತಂದೆಗಳಿಗೆ ಹೇಳುವಾಗ ಇದೇ ಗ್ರೀಕ್ ಪದಕ್ಕೆ ನಮ್ಮ ಹಳೇ ಅನುವಾದಕರು ಬಾಲಶಿಕ್ಷೆ ಅಂತ ಹಾಕಿದರು. ಎಂಥ ಒಳ್ಳೇ ಪದ! ಕನ್ನಡದಲ್ಲೂ ಶಿಕ್ಷೆ, ಶಿಕ್ಷಣ, ಶಿಕ್ಷಕ ಎಲ್ಲ ಒಂದೇ ಮನೆಯವರು. ನಾವೇ ಅವರನ್ನು ಬೇರೆ ಮಾಡಿ, ಶಿಕ್ಷಣವನ್ನು ಸ್ಕೂಲಿಗೂ ಶಿಕ್ಷೆಯನ್ನು ಪೊಲೀಸ್ ಸ್ಟೇಷನ್ನಿಗೂ ಕಳಿಸಿಬಿಟ್ಟೆವು.

ಅಂದ್ರೆ ಪಾಸ್ಟರ್ ಹೊಡೆಯಿರಿ ಅಂತಿದ್ದಾರೆ ಅಂತ ಮನೆಗೆ ಹೋಗಿ ಹೇಳಬೇಡಿ. ಜ್ಞಾನೋಕ್ತಿಯ ಬೆತ್ತದ ವಚನ ಹಿಡ್ಕೊಂಡು ಟೀಚರಿಗೆ, ನಾಲ್ಕು ಬಾರಿಸಿ ಮೇಡಂ, ನಮ್ಮ ಒಪ್ಪಿಗೆ ಇದೆ ಅನ್ನುವ ಅಂಕಲ್‌ಗಳು ನಮ್ಮಲ್ಲಿದ್ದಾರೆ. ನಿಮ್ಮ ಒಪ್ಪಿಗೆಗೆ ಅಲ್ಲಿ ಬೆಲೆ ಇಲ್ಲ ಅಂಕಲ್. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಒಳ್ಳೇದೇ ಆಯ್ತು. ನಾನು ಸ್ಕೂಲಿನಲ್ಲಿ ಹೊಡೆತ ತಿಂದವನು. ಹೊಡೆತದಿಂದ ನಾನು ಕಲಿತದ್ದು ಸಿಕ್ಕಿಹಾಕಿಕೊಳ್ಳದೆ ಇರೋದು ಹೇಗೆ ಅನ್ನೋದನ್ನು, ಅಷ್ಟೇ. ನನ್ನ ಮಗನ ಟೀಚರ್ ಒಂದು ಬೆರಳೂ ಮುಟ್ಟಲಿಲ್ಲ. ಒಂದು ಬ್ಯಾಡ್ಜ್ ತೆಗೆದರು. ಅವನನ್ನೂ ತಿದ್ದಿದರು, ನನ್ನನ್ನೂ ತಿದ್ದಿದರು.

ಬ್ಯಾಡ್ಜ್ ತೆಗೆದ ಮೇಲೆ ನಾನು ಮಾಡಬಹುದಾಗಿದ್ದ ಇನ್ನೊಂದು ಕೆಲಸ ಇತ್ತು. ಟ್ರಸ್ಟಿನಲ್ಲಿ ನನಗೆ ಪರಿಚಯ ಇದ್ದವರಿದ್ದರು. ಒಂದು ಫೋನ್ ಸಾಕಿತ್ತು. ಫೋನ್ ಕೈಯಲ್ಲಿ ಹಿಡಿದಿದ್ದೆ ಕೂಡ. ಆಗ ನೆನಪಾದವನು ಯಾಜಕ ಏಲಿ. ಅವನು ಮಕ್ಕಳಿಗೆ ಬುದ್ಧಿ ಹೇಳಿದ, ಹೇಳಲಿಲ್ಲ ಅಂತಲ್ಲ. ಆದರೆ ತಡೆಯಲಿಲ್ಲ. ಮಗುವಿಗೆ ಸ್ಕೂಲಿನಲ್ಲಿ ಒಂದು ಸಣ್ಣ ಶಿಸ್ತುಕ್ರಮ ಆದ ತಕ್ಷಣ ಗೇಟಿನ ಹತ್ರ ಹೋಗಿ ಜಗಳ ಮಾಡುವ ತಂದೆ ತಾಯಿ, ಅನ್ಯಾಯ ಆಗಿದ್ದರೆ ಖಂಡಿತ ಕೇಳಿ, ನಾನೇ ನಿಮ್ಮ ಜೊತೆ ಬರ್ತೀನಿ. ನ್ಯಾಯವಾಗಿದ್ದರೆ ಸುಮ್ಮನೆ ಮಗುವಿನ ಪಕ್ಕ ಕೂತ್ಕೊಳ್ಳಿ.

ಹತ್ತನೇ ಕ್ಲಾಸಿನವರಿಗೆ ಒಂದು ಮಾತು. 2024ರಲ್ಲಿ ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂತು, ಪರೀಕ್ಷಾ ಕೊಠಡಿಯಲ್ಲಿ ಕ್ಯಾಮೆರಾ. ಹಿಂದಿನ ವರ್ಷ ಪಾಸಾದವರು ಶೇ. 83.89. ಆ ವರ್ಷ ಗ್ರೇಸ್ ಮಾರ್ಕ್ಸ್ ಹೆಚ್ಚು ಕೊಟ್ಟ ಮೇಲೂ ಶೇ. 73.40. ಇಳಿದದ್ದೆಲ್ಲ ಕಾಪಿಯೇ ಅಂತ ನಾನು ಹೇಳಲ್ಲ, ಕಷ್ಟಪಟ್ಟು ಓದಿಯೂ ಫೇಲಾದ ಮಕ್ಕಳಿದ್ದಾರೆ, ಅವರನ್ನು ನೋಯಿಸೋದು ಬೇಡ. ಆದರೆ ಕ್ಯಾಮೆರಾ ಬಂದದ್ದಕ್ಕೆ ಬೇಜಾರು ಮಾಡಿಕೊಂಡವರು ಯಾರ್ಯಾರು ಅಂತ ನೀವೇ ನಿಮ್ಮ ಕ್ಲಾಸಿನಲ್ಲಿ ಯೋಚಿಸಿ ನೋಡಿ. ಇಷ್ಟು ಸಾಕು.

ಕಾಲೇಜಿನವರು, ಕೆಲಸಕ್ಕೆ ಹೋಗುವವರು, ಇದು ಸ್ಕೂಲ್ ಮಕ್ಕಳ ಮೆಸೇಜ್ ಅಂತ ಆರಾಮಾಗಿ ಕೂತಿದ್ದೀರಿ. ಒಂಬತ್ತನೇ ಕ್ಲಾಸಿನ ಜ್ವರದ ಲೆಟರ್ ಬೆಳೆಯುತ್ತೆ ಪ್ರಿಯರೇ. ಕಾಲೇಜಿನಲ್ಲಿ ಅದು ಪ್ರಾಕ್ಸಿ ಅಟೆಂಡೆನ್ಸ್. ಆಫೀಸಿನಲ್ಲಿ ಅದು ಸಿಕ್ ಲೀವ್ ಹಾಕಿ ಯೂತ್ ಕ್ಯಾಂಪಿಗೆ ಬರೋದು. ಮಾರ್ಚ್ ತಿಂಗಳಲ್ಲಿ ಅದು ಸುಳ್ಳು ರೆಂಟ್ ರಸೀದಿ. ಯಾರೋ ಅಲ್ಲಿ ಕೆಮ್ಮಿದಿರಿ. ಅದಾದರೂ ನಿಜವಾದ ಕೆಮ್ಮಾ?

ಮಗನ ಕಥೆ ಪೂರ್ತಿ ಮಾಡ್ತೀನಿ. ಮಾರನೇ ದಿನ ಬೆಳಿಗ್ಗೆ ನಾನು ಇನ್ನೊಂದು ಲೆಟರ್ ಬರೆದೆ. ಹಿಂದಿನ ಪತ್ರದಲ್ಲಿ ಬರೆದದ್ದು ಸುಳ್ಳು, ಮಗನಿಗೆ ಜ್ವರ ಇರಲಿಲ್ಲ, ನಮ್ಮ ಸಭೆಯ ಕೂಟಕ್ಕೋಸ್ಕರ ನಾನೇ ಅವನನ್ನು ಮನೆಯಲ್ಲಿ ಇಟ್ಟುಕೊಂಡೆ, ಕ್ಷಮಿಸಬೇಕು. ನಾಲ್ಕೇ ಸಾಲು. ಅದನ್ನು ಬರೆಯೋದಕ್ಕೆ ಮುಕ್ಕಾಲು ಗಂಟೆ ಬೇಕಾಯ್ತು, ಮೊದಲನೆಯದಕ್ಕೆ ಒಂದು ನಿಮಿಷವೂ ಬೇಕಾಗಿರಲಿಲ್ಲ. ಮಗನಿಗೆ ಓದಿ ತೋರಿಸಿದೆ. ಅವನು ಅದರ ಕೆಳಗೆ ತಾನೇ ಒಂದು ಸಾಲು ಸೇರಿಸಿದ, ಸಾರಿ ಮಿಸ್, ನಾನೂ ಸುಳ್ಳು ಹೇಳಿದೆ ಅಂತ. ಟೀಚರ್ ಓದಿ ಫೈಲಿನಲ್ಲಿ ಇಟ್ಟರು. ಬ್ಯಾಡ್ಜ್ ವಾಪಸ್ ಕೊಟ್ಟರಾ ಅಂತ ಕೇಳ್ತೀರಿ. ಇಲ್ಲ, ಕೊಡಲಿಲ್ಲ. ವರ್ಷ ಮುಗಿಯೋವರೆಗೂ ಬೇರೆ ಹುಡುಗಿಯೇ ಲೀಡರ್ ಆಗಿದ್ದಳು. ಇವನು ಅವಳಿಗೆ ಹಾಜರಿ ಪುಸ್ತಕ ತಂದುಕೊಡ್ತಿದ್ದ. ಕೆಲವು ದಿನ ಮನೆಗೆ ಬಂದು ಊಟ ಮಾಡದೆ ಮಲಗ್ತಿದ್ದ. ನಾನು ಪ್ರಾರ್ಥನೆ ಮಾಡಿದೆ, ಆದರೆ ಬ್ಯಾಡ್ಜ್ ಬರಲಿ ಅಂತ ಮಾಡಲಿಲ್ಲ.

ಬರುವ ತಿಂಗಳು ನಮ್ಮ ಯೂತ್ ಕ್ಯಾಂಪ್ ಇದೆ, ಶುಕ್ರವಾರ ಬೆಳಿಗ್ಗೆ ಬಸ್. ಸ್ಕೂಲ್ ಮಕ್ಕಳ ಪೋಷಕರು ಈ ವಾರವೇ ಲೆಟರ್ ಬರೆಯಿರಿ. ಕಾರಣ ಅನ್ನೋ ಜಾಗದಲ್ಲಿ ಸಭೆಯ ಹೆಸರು, ಕ್ಯಾಂಪಿನ ಹೆಸರು ಸ್ಪಷ್ಟವಾಗಿ ಇರಲಿ. ಬೇಕಿದ್ದರೆ ನಾನೂ ಲೆಟರ್‌ಹೆಡ್‌ನಲ್ಲಿ ಬರೆದುಕೊಡ್ತೀನಿ. ಎಸ್‌ಎಸ್‌ಎಲ್‌ಸಿಯವರು ಮೊದಲು ಅಟೆಂಡೆನ್ಸ್ ನೋಡಿ. ಪರೀಕ್ಷೆಗೆ ಕೂರಬೇಕಾದರೆ ಶೇ. 75 ಇರಲೇಬೇಕು, ಕಡಿಮೆ ಇರುವವರು ಶುಕ್ರವಾರ ಬರಬೇಡಿ. ಸ್ಕೂಲಿನವರು ರಜೆ ಇಲ್ಲ ಅಂದರೆ, ಮರ್ಯಾದೆಯಿಂದ ಥ್ಯಾಂಕ್ಸ್ ಹೇಳಿ ಶುಕ್ರವಾರ ಯೂನಿಫಾರ್ಮ್ ಹಾಕ್ಕೊಂಡು ಸ್ಕೂಲಿಗೆ ಹೋಗಿ. ಸಂಜೆ ಐದು ಗಂಟೆಗೆ ಎರಡನೇ ವ್ಯಾನ್ ಇಲ್ಲಿಂದ ಹೊರಡುತ್ತೆ, ನಿಮಗೋಸ್ಕರವೇ ಏರ್ಪಾಡು ಮಾಡಿದ್ದೀವಿ. ಡ್ರಮ್ಸ್ ಇಲ್ಲದೆ ಶುಕ್ರವಾರದ ಆರಾಧನೆ ನಡೆಯುತ್ತೆ. ಚಪ್ಪಾಳೆ ತಟ್ಟಿ ಹಾಡೋಣ.

ಎಲ್ಲರೂ ಎದ್ದು ನಿಲ್ಲೋಣ. ವರ್ಷಿಪ್ ಟೀಮ್ ಮೆಲ್ಲಗೆ ನುಡಿಸಲಿ, ಆದರೆ ಯಾರೂ ಹಾಡೋದು ಬೇಡ. ಕಣ್ಣು ಮುಚ್ಚಿ. ನೀವು ಬರೆದ ಅಥವಾ ಬರೆಸಿಕೊಂಡ ಒಂದು ಲೆಟರ್ ಈಗ ನಿಮ್ಮ ನೆನಪಿಗೆ ಬಂದಿದ್ದರೆ, ಅದು ಯಾರ ಮೇಜಿನ ಮೇಲೆ ಇದೆಯೋ ಅವರ ಹೆಸರನ್ನು ಕರ್ತನ ಮುಂದೆ ಹೇಳಿ. ಮುಂದೆ ಬರಬೇಕು ಅನಿಸಿದವರು ಬನ್ನಿ. ತಂದೆ ತಾಯಿಯ ಜೊತೆ ಬರುವವರು ಅವರ ಕೈ ಹಿಡ್ಕೊಂಡು ಬನ್ನಿ.

ಕರ್ತನೇ, ನಾವು ನಿನ್ನ ಹೆಸರಿನಲ್ಲಿ ಹೇಳಿದ ಸುಳ್ಳುಗಳಿಗೆ ನಮ್ಮನ್ನು ಕ್ಷಮಿಸು...